ಛಾವಣಿಯ ಕೆಳಗೂ ಪರಿಸರವಿದೆ

ಬೆಳಗಾವಿಯ ರವಿವಾರ ಪೇಟೆ ಸಗಟು ಕಿರಾಣಿ ವ್ಯಾಪಾರದ ಹಳೆಯ ನೆಲೆ. ಇಂಥ ಪೇಟೆಗಳಲ್ಲಿ ಚೀಲದ ತೂಕ, ದರ, ದಲಾಲಿ, ಹಮಾಲಿ ಎಲ್ಲವೂ ಲೆಕ್ಕದ ಪುಸ್ತಕಕ್ಕೆ ಏರುತ್ತವೆ. ಚೀಲ ಹೊತ್ತ ಹಮಾಲನ ಬೆನ್ನಾಗಲಿ, ಚೀಲ ಕೊಡವಿದಾಗ ಎದ್ದ ದೂಳನ್ನು ಉಸಿರಾಡಿದವರ ಶ್ವಾಸಕೋಶವಾಗಲಿ ಯಾವ ಪುಸ್ತಕಕ್ಕೂ ಏರುವುದಿಲ್ಲ.

ಪರಿಸರ ಚಳವಳಿಯೂ ಈ ಲೋಪದಿಂದ ಮುಕ್ತವಲ್ಲ. 2011ರಲ್ಲಿ ಅಭಯಾರಣ್ಯವಾದ ಭೀಮಗಡದ ಕಾಡು, ಮಹದಾಯಿಯ ನೀರು ಇವುಗಳ ಬಗ್ಗೆ ಸಭೆಗಳಾದವು, ಮನವಿಗಳಾದವು. ಆದರೆ ಖಾನಾಪುರದ ಕಾಡಂಚಿನ ಯುವಕ ಕೂಲಿಗೆಂದು ಪೇಟೆಯ ಗೋದಾಮಿಗೋ ಉದ್ಯಮಬಾಗದ ಎರಕದ ಕಾರ್ಖಾನೆಗೋ ಸೇರಿದರೆ, ಅಲ್ಲಿ ಅವನು ಉಸಿರಾಡುವ ಗಾಳಿಯ ಬಗ್ಗೆ ಒಂದು ಕರಪತ್ರವೂ ಕಾಣುವುದಿಲ್ಲ. ಗಾಳಿ ಛಾವಣಿಯ ಕೆಳಗೆ ಬಂದೊಡನೆ ಮಾಲೀಕನ ಖಾಸಗಿ ಆಸ್ತಿಯಾಗಿಬಿಡುತ್ತದೆಯೇ?

ಜ್ಞಾನದ ಕೊರತೆಯೆಂದು ಹೇಳುವಂತಿಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಝಿನಿ 1700ರಲ್ಲಿ ದುಡಿಯುವವರ ರೋಗಗಳ ಬಗ್ಗೆ ಗ್ರಂಥ ಬರೆದನು. ಕುಂಬಾರರ, ಧಾನ್ಯ ಜರಡಿಯಾಡುವವರ ಕಾಯಿಲೆಗಳು ಅದರಲ್ಲಿವೆ. ರೋಗಿಯನ್ನು ‘ನಿನ್ನ ಕಸುಬೇನು’ ಎಂದು ಕೇಳಬೇಕೆಂಬುದು ಅವನು ವೈದ್ಯರಿಗೆ ಕೊಟ್ಟ ಪಾಠ. ಅಹಮದಾಬಾದಿನಲ್ಲಿ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ದಶಕಗಳಿಂದ ಸಂಶೋಧನೆ ನಡೆಸಿದೆ; ಬೆಂಗಳೂರಿನಲ್ಲಿ ಅದರ ಪ್ರಾದೇಶಿಕ ಕೇಂದ್ರವಿದೆ. ಆದರೂ ಕೆಮ್ಮುತ್ತ ಬಂದ ಕೂಲಿಕಾರನಿಗೆ ಬೀಡಿ ಸೇದುತ್ತೀಯಾ ಎಂಬ ಪ್ರಶ್ನೆ ಎದುರಾಗುವಷ್ಟು ಸುಲಭವಾಗಿ ಏನು ಕೆಲಸ ಮಾಡುತ್ತೀ ಎಂಬ ಪ್ರಶ್ನೆ ಎದುರಾಗುವುದಿಲ್ಲ.

ಹೊರೆಯ ವಿಷಯವನ್ನೇ ನೋಡಬಹುದು. ವಯಸ್ಕ ಪುರುಷನೊಬ್ಬನು ಹೊರುವ ಭಾರ 55 ಕಿಲೋ ಮೀರಬಾರದೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲಿಯೇ ಶಿಫಾರಸು ಮಾಡಿತು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ 1991ರಲ್ಲಿ ಪರಿಷ್ಕರಿಸಿದ ಸೂತ್ರದ ಪ್ರಕಾರ, ಎಲ್ಲ ಅನುಕೂಲಗಳಿದ್ದರೂ ಎತ್ತತಕ್ಕ ಭಾರ 23 ಕಿಲೋ ಮಾತ್ರ. 50 ಕಿಲೋದ ಚೀಲವೆಂದರೆ ಅದರ ಇಮ್ಮಡಿಗಿಂತ ಹೆಚ್ಚು. ಚೀಲವನ್ನು ಚಿಕ್ಕದು ಮಾಡುವುದಕ್ಕೆ, ತಳ್ಳುಗಾಡಿ ಸಾಗುವಂತೆ ಮೆಟ್ಟಿಲ ಬದಲು ಇಳಿಜಾರು ಕಟ್ಟುವುದಕ್ಕೆ ಯಾವ ಮಹಾ ವಿಜ್ಞಾನವೂ ಬೇಕಿಲ್ಲ.

ಧಾನ್ಯದ ಗೋದಾಮಿನಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಅಪಾಯವುಂಟು. ಹುಳು ಸಾಯಲೆಂದು ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಗಾಳಿಯ ತೇವ ತಗುಲಿದೊಡನೆ ಫಾಸ್ಫೀನ್ ಎಂಬ ಅನಿಲವನ್ನು ಬಿಡುತ್ತದೆ. ಅದು ಸಂದುಗೊಂದುಗಳಲ್ಲಿ ನುಸುಳಿ ಪಕ್ಕದ ಕೋಣೆಗೂ ಹೋಗಬಲ್ಲದು. ಅದರ ವಿಷಕ್ಕೆ ಪ್ರತ್ಯೌಷಧವಿಲ್ಲ. ಗೋದಾಮಿನ ಮೇಲೆ ಅಥವಾ ಮಗ್ಗುಲಲ್ಲಿ ಮನೆಯಿದ್ದರೆ, ಹುಳುವಿಗೆ ಇಟ್ಟದ್ದು ಮಲಗಿದ ಮಗುವಿಗೂ ತಗುಲೀತು.

ಎರಕದ ಕಾರ್ಖಾನೆಯ ಮರಳಿನಲ್ಲಿಯೂ ಖಾನಾಪುರದ ಹೆಂಚು, ಮಡಕೆಗಳ ಜೇಡಿಮಣ್ಣಿನಲ್ಲಿಯೂ ಇರುವುದು ಸಿಲಿಕಾ. ಅದರ ಅತಿಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲಿ ಗಾಯದ ಕಲೆ ಉಳಿಸುತ್ತವೆ. ಈ ಸಿಲಿಕೋಸಿಸ್ ರೋಗವನ್ನು ತಡೆಯಬಹುದೇ ಹೊರತು ವಾಸಿ ಮಾಡಲಾಗದು. ಕ್ಷಯ ತಗಲುವ ಸಾಧ್ಯತೆಯನ್ನು ಅದು ಹೆಚ್ಚಿಸುತ್ತದೆ. ಕ್ಷಯವೆಂದೇ ತಪ್ಪಾಗಿ ಚಿಕಿತ್ಸೆ ನಡೆಯುವುದೂ ಉಂಟು. ಉಸಿರಿನೊಡನೆ ಒಳಹೋಗುವ ಸಿಲಿಕಾ ಕ್ಯಾನ್ಸರ್‌ಕಾರಕವೆಂದು 1997ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ನಿರ್ಣಯಿಸಿತು.

ಇದಕ್ಕೆ ಮಾಲೀಕರ ಸಿದ್ಧ ಉತ್ತರ ಒಂದೇ: ಮಾಸ್ಕ್ ಕೊಟ್ಟಿದ್ದೇವೆ. ಸಂಶೋಧನೆ ಹೇಳುವ ಕ್ರಮ ಇದರ ತಲೆಕೆಳಗು. ಮೊದಲು ಅಪಾಯಕಾರಿ ವಸ್ತುವನ್ನೇ ಬದಲಿಸಬೇಕು. ಆಗದಿದ್ದರೆ ದೂಳು ಏಳದಂತೆ ನೀರು ಚಿಮುಕಿಸಬೇಕು, ಎದ್ದಲ್ಲಿಯೇ ಹೀರಿ ಹೊರಹಾಕಬೇಕು. ಮಾಸ್ಕ್ ಕಟ್ಟಕಡೆಯ ಉಪಾಯ. ಮೂಗಿಗೆ ಸುತ್ತಿದ ಟವೆಲ್ಲಿಗೆ ಆ ಸೂಕ್ಷ್ಮ ಕಣಗಳನ್ನು ತಡೆಯುವ ಶಕ್ತಿಯಿಲ್ಲ. ಎರಕದ ವಸ್ತುಗಳಿಗೆ ಮರಳು ಚಿಮ್ಮಿಸಿ ಶುಚಿಗೊಳಿಸುವುದನ್ನು ಬ್ರಿಟನ್ 1949ರ ನಿಯಮಗಳಲ್ಲಿಯೇ ನಿಷೇಧಿಸಿತು. ಉಕ್ಕಿನ ಚೂರುಗಳಿಂದ ಅದೇ ಕೆಲಸ ನಡೆಯಿತು, ಉದ್ಯಮವೇನೂ ಮುಳುಗಲಿಲ್ಲ.

ಈ ತತ್ತ್ವ ಮಲೆನಾಡಿನ ಹಳ್ಳಿಗೆ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಒಲೆ ಹೊಗೆಯನ್ನು ಕೊಳವೆಯ ಮೂಲಕ ಸೂರಿನಾಚೆಗೆ ಕಳುಹಿಸಿತು. ಅಡುಗೆ ಮಾಡುವ ಹೆಂಗಸಿಗೆ ‘ಮೂಗು ಮುಚ್ಚಿಕೋ’ ಎನ್ನಲಿಲ್ಲ, ಒಲೆಯನ್ನೇ ತಿದ್ದಿತು. ಅಡುಗೆಮನೆಗೆ ಸಲ್ಲುವ ನ್ಯಾಯ ಎರಕದ ಮನೆಗೆ ಏಕೆ ಸಲ್ಲದು?

ಕಾನೂನು ಮಾತ್ರ ಇನ್ನೂ ತಲೆಯೆಣಿಸುತ್ತಿದೆ. ವಿದ್ಯುತ್ ಬಳಸುವಲ್ಲಿ 10, ಬಳಸದಲ್ಲಿ 20 ಕಾರ್ಮಿಕರಿದ್ದರೆ 1948ರ ಕಾಯ್ದೆಯ ದೃಷ್ಟಿಯಲ್ಲಿ ಅದು ಕಾರ್ಖಾನೆಯಾಗಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆ ಆ ಸಂಖ್ಯೆಗಳನ್ನು 20 ಮತ್ತು 40ಕ್ಕೆ ಏರಿಸಿತು. ಆರು ಮಂದಿಯ ಶೆಡ್ಡಿನಲ್ಲಿ ಏಳುವ ದೂಳು ಅರವತ್ತು ಮಂದಿಯ ಶೆಡ್ಡಿನ ದೂಳಿಗಿಂತ ಸೌಮ್ಯವೇನು? ಸಣ್ಣ ಉದ್ಯಮಕ್ಕೆ ಹೊರೆಯಾಗುತ್ತದೆ ಎನ್ನುವವರು ಒಂದನ್ನು ಮರೆಯುತ್ತಾರೆ: ಉಳಿಸಿದ ಖರ್ಚು ಎಲ್ಲಿಯೂ ಮಾಯವಾಗುವುದಿಲ್ಲ. ಔಷಧದ ಚೀಟಿಯಾಗಿ, ಕೈಸಾಲವಾಗಿ, ಶಾಲೆ ಬಿಟ್ಟ ಮಗನಾಗಿ ಅದು ಕಾರ್ಮಿಕನ ಮನೆಯನ್ನು ಸೇರುತ್ತದೆ. ಅಪಾಯಕರ ಕೆಲಸವಿದ್ದಲ್ಲಿ ಒಬ್ಬನೇ ದುಡಿಯುತ್ತಿದ್ದರೂ ಸಂಹಿತೆಯನ್ನು ಅನ್ವಯಿಸುವ ಅಧಿಕಾರ ಸರ್ಕಾರಕ್ಕಿದೆ. ಎರಕ, ಹೆಂಚು, ಗೋದಾಮುಗಳಿಗೆ ಅದನ್ನು ಅನ್ವಯಿಸಲೇಬೇಕೆಂಬುದು ಚಳವಳಿಯ ಬೇಡಿಕೆಯಾಗಬೇಕು.

ಬೆಳಗಾವಿಯಲ್ಲಿ ವೈದ್ಯಕೀಯ ಕಾಲೇಜುಗಳಿವೆ. ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರಸ್ಥಾನವೂ ಅಲ್ಲಿಯೇ ಇದೆ. ಅಲ್ಲಿನ ವಿದ್ಯಾರ್ಥಿಗಳು ಶೆಡ್ಡುಗಳ ದೂಳನ್ನು ಅಳೆಯಲಿ, ಹಮಾಲರ ಬೆನ್ನುನೋವನ್ನು ದಾಖಲಿಸಲಿ. ನಗರಕ್ಕೆ ದುಡಿಯಹೋಗಿ ಉಬ್ಬಸ ಹೊತ್ತು ಮರಳಿದವರ ಹೆಸರನ್ನು, ಅವರ ಕಸುಬಿನೊಡನೆ, ಹಳ್ಳಿಯವರು ಆರೋಗ್ಯ ಕೇಂದ್ರದಲ್ಲಿ ಬರೆಸಲಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ಸಿಲಿಕೋಸಿಸ್‌ಗೆ ಅಕ್ಷರಶಃ ಸಲ್ಲುತ್ತದೆ. ಅದಕ್ಕೆ ಬುದ್ಧಿ ಬರಬೇಕಾದದ್ದು ಮೊದಲೇ. ಕಾಡಿನ ಗಾಳಿಗಾಗಿ ಬೀದಿಗಿಳಿದವರು ಒಮ್ಮೆ ಗೋದಾಮಿನ ಬಾಗಿಲನ್ನೂ ತಟ್ಟಬೇಕು. ಒಳಗೆ ಕೆಮ್ಮುತ್ತಿರುವವನು ಅದೇ ಕಾಡಿನ ಮಗ.