ಎರೆನೆಲದಲ್ಲೊಂದು ಆಟದ ಬಯಲು

ರಾಯಚೂರು ನಗರದ ಮಹಾತ್ಮ ಗಾಂಧಿ ಜಿಲ್ಲಾ ಕ್ರೀಡಾಂಗಣದ ವಿಷಯ ಬಂದಾಗಲೆಲ್ಲ ಮಾತು ಪ್ರೇಕ್ಷಕರ ಮೆಟ್ಟಿಲು, ದೀಪಸ್ತಂಭ, ಓಟದ ಪಥಗಳ ಸುತ್ತಲೇ ಸುಳಿಯುವುದನ್ನು ನಾವು ಕಂಡಿದ್ದೇವೆ. ಜಿಲ್ಲಾ ಕೇಂದ್ರಕ್ಕೆ ಅವೆಲ್ಲ ಬೇಕು, ಬೇಡವೆನ್ನುವವರು ನಾವಲ್ಲ. ಆದರೆ ಮಾನ್ವಿ, ದೇವದುರ್ಗಗಳ ಮಗು ಅಲ್ಲಿಗೆ ಬರಬೇಕಾದರೆ 40 ಕಿಲೋಮೀಟರಿಗೂ ಹೆಚ್ಚು ದೂರ ಬಸ್ಸಿನಲ್ಲಿ ಕೂರಬೇಕು. ನಿತ್ಯದ ಅಭ್ಯಾಸಕ್ಕೆ ಅದು ಒದಗದು. ವರ್ಷಕ್ಕೊಮ್ಮೆ ಜಿಲ್ಲಾಮಟ್ಟದ ಪಂದ್ಯಕ್ಕೆ ಬರುವ ಮಗು ಉಳಿದ ದಿನಗಳಲ್ಲಿ ಎಲ್ಲಿ ಓಡಬೇಕು?

ಆ ಎರಡೂ ತಾಲ್ಲೂಕುಗಳಲ್ಲಿ ಎರೆಭೂಮಿ ವಿಪುಲವಾಗಿದೆ. ಹತ್ತಿ, ಜೋಳ, ಮೆಣಸಿನಕಾಯಿಗಳಿಗೆ ತಾಯಿಯಾದ ಈ ಮಣ್ಣು ಓಡುವ ಪಾದಕ್ಕೆ ಮಾತ್ರ ಒಲಿಯದು. ಮಳೆ ಬಿದ್ದರೆ ಉಬ್ಬಿ ಕಾಲಿಗೆ ಅಂಟುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಬಿಸಿಲಿಗೆ ಕುಗ್ಗಿ ಬಿರುಕು ಬಿಡುತ್ತದೆ. ಅದರ ಮೇಲೆ ನೇರವಾಗಿ ಏನನ್ನು ಹಾಸಿದರೂ ಮಣ್ಣಿನೊಂದಿಗೇ ಏರಿಳಿದು ಒಡೆಯುತ್ತದೆ. ಆದ್ದರಿಂದ ಮೊದಲು ಮೇಲಿನ ಎರೆಯನ್ನು ಅಗೆದು ತೆಗೆದು, ಗರಸು ತುಂಬಿ, ನೀರುಣಿಸಿ ರೋಲರ್ ಹೊಡೆದು, ಸುತ್ತಲೂ ಕಾಲುವೆ ತೋಡಿ ಮಳೆನೀರನ್ನು ಹೊರಗೆ ಹರಿಸಬೇಕು. ಈ ಕೆಲಸವೆಲ್ಲ ನೆಲದೊಳಗೆ ಹುದುಗಿಹೋಗುವಂಥದು; ಉದ್ಘಾಟನೆಯ ಫಲಕ ನಿಲ್ಲಿಸಲು ಅದರಲ್ಲಿ ಗೋಡೆಯಿಲ್ಲ. ಮೆಟ್ಟಿಲು ಮೊದಲು, ಮೈದಾನ ಆಮೇಲೆ ಎಂಬ ಪದ್ಧತಿಗೆ ಇದೂ ಒಂದು ಕಾರಣವಿರಬಹುದೆಂದು ನಮಗೆ ತೋರುತ್ತದೆ.

400 ಮೀಟರ್ ಸುತ್ತಿನ, 8 ಪಥಗಳ ಓಟದ ಅಂಗಣಕ್ಕೆ ಸುಮಾರು 4 ಎಕರೆ ಬೇಕು. ಖೋ-ಖೋ ಅಂಕಣಕ್ಕಾದರೋ 27 ಮೀಟರ್ ಉದ್ದ, 16 ಮೀಟರ್ ಅಗಲ, ಎರಡು ಕಂಬಗಳು ಸಾಕು. ಒಂದು ಒಕ್ಕಲು ಕಣದಷ್ಟು ಜಾಗ! 2025ರ ಜನವರಿಯಲ್ಲಿ ದೆಹಲಿಯಲ್ಲಿ ಜರುಗಿದ ಮೊದಲ ಖೋ-ಖೋ ವಿಶ್ವಕಪ್ಪಿನಲ್ಲಿ ಭಾರತದ ಪುರುಷರೂ ಮಹಿಳೆಯರೂ ಗೆದ್ದರು. ಗೆದ್ದ ಮಹಿಳಾ ತಂಡದಲ್ಲಿದ್ದ ಬಿ. ಚೈತ್ರಾ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಕುರುಬೂರಿನಿಂದ ಸಾಧ್ಯವಾದದ್ದು ದೇವದುರ್ಗದ ಹಳ್ಳಿಯಿಂದ ಅಸಾಧ್ಯವೇನಲ್ಲ.

ಇಲ್ಲಿ ಸರ್ಕಾರದ ಪಾಲಿನಷ್ಟೇ ಮನೆಯ ಪಾಲೂ ಇದೆ. ಹತ್ತಿ ಬಿಡಿಸುವ ಕಾಲ ಬಂತೆಂದರೆ ಎಷ್ಟೋ ಹೆಣ್ಣುಮಕ್ಕಳ ಶಾಲೆಯೇ ತಪ್ಪುತ್ತದೆ, ಆಟದ ಮಾತೆಲ್ಲಿ? ಹೊಲದ ಕೂಲಿ ಅನಿವಾರ್ಯವಲ್ಲದ ಮನೆಗಳಲ್ಲಿಯೂ ಹುಡುಗಿ ಎಂಟನೆಯ ತರಗತಿಗೆ ಬಂದೊಡನೆ ಮೈದಾನ ನಿಲ್ಲುತ್ತದೆ. ಗಂಡುಮಗನ ಕ್ರಿಕೆಟ್ ಬ್ಯಾಟಿಗೆ ಹಣ ಕೊಡುವ ತಂದೆ ಮಗಳ ಓಟದ ಬೂಟಿಗೆ ಲೆಕ್ಕ ಕೇಳುತ್ತಾನೆ. ತಾಯಂದಿರ ಅಂಜಿಕೆಯನ್ನು ಮಾತ್ರ ನಾವು ಹಗುರವಾಗಿ ಕಾಣುವುದಿಲ್ಲ. ಶೌಚಾಲಯವಿಲ್ಲದ, ಬಟ್ಟೆ ಬದಲಿಸಲು ಮರೆಯಿಲ್ಲದ, ಸಂಜೆಯ ಬೆಳಕಿಲ್ಲದ ಬಯಲಿಗೆ ಮಗಳನ್ನು ಹೇಗೆ ಕಳುಹಿಸಿಯಾರು?

ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದು ನಮ್ಮ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ದೊರೆಯಿತು. ಅದರ ಅನುದಾನದಲ್ಲಿ ತಾಲ್ಲೂಕಿನ ಮೈದಾನಗಳಿಗೆ ಎಷ್ಟು ಬಂತು, ಅದರಲ್ಲಿ ನೆಲಕ್ಕೆಷ್ಟು, ಗೋಡೆಗೆಷ್ಟು ಎಂದು ಹಿರಿಯರು ಅರ್ಜಿ ಬರೆದು ಕೇಳಲಿ. ಜೊತೆಗೆ, ಮೈದಾನದ ಬೀಗದ ಕೈ ಯಾರ ವಶದಲ್ಲಿದೆ, ಬೆಳಗಿನ ಐದಕ್ಕೆ ಗೇಟು ತೆರೆಯುವವರಾರು ಎಂಬುದನ್ನೂ ವಿಚಾರಿಸಿಕೊಳ್ಳಲಿ. ನಮ್ಮ ಸೀಮೆಯ ಬೇಸಿಗೆಯಲ್ಲಿ ಎಂಟು ಗಂಟೆಯ ಮೇಲೆ ಅಲ್ಲಿ ಯಾವ ಮಗುವೂ ಓಡಲಾರದು.