ಗ್ರೀನ್ ಕಾರ್ಡ್ ಲಕೋಟೆ ಮತ್ತು ನಮ್ಮ ಇನಿಶಿಯಲ್ಲು

ಹಾಸ್ಟೆಲ್‌ನಲ್ಲಿ ರಾತ್ರಿ ಹನ್ನೊಂದಾದ ಮೇಲೆ ನಾವು ಮಾತಾಡೋದು ಎರಡೇ ವಿಷಯ. ಒಂದು ಮೆಸ್ ಊಟ, ಇನ್ನೊಂದು ಎಂಎಸ್. ಯಾವ ಯೂನಿವರ್ಸಿಟಿ, ಎಷ್ಟು ಲಕ್ಷ ಸಾಲ, ಎಚ್-1ಬಿ ಲಾಟರಿ ಸಿಗುತ್ತಾ ಇಲ್ವಾ, ಎಲ್ಲದಕ್ಕೂ ನಮ್ಮ ಹತ್ರ ಲೆಕ್ಕ ಇದೆ. ಕೊನೆಗೆ "ಆಮೇಲೆ ಗ್ರೀನ್ ಕಾರ್ಡ್" ಅಂತ ಒಂದೇ ಮಾತಲ್ಲಿ ಮುಗಿಸಿ ಮಲಗ್ತೀವಿ. ಆ "ಆಮೇಲೆ" ಅನ್ನೋದರ ಒಳಗೆ ಏನಿದೆ ಅಂತ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ನಮಗೂ ಗೊತ್ತಿರಲಿಲ್ಲ, 2022ರಲ್ಲಿ ನಮ್ಮ ಮನೆಗೆ ಒಂದು ಫೋನ್ ಬರೋವರೆಗೂ.

ಆಗ ನಾವು ಫಸ್ಟ್ ಪಿಯುಸಿ. ಬೆಳಗ್ಗೆ ಐದೂವರೆಗೆ ಅಮೆರಿಕದಿಂದ ಚಿಕ್ಕಪ್ಪನ ಫೋನು. "ನನ್ನ ಬರ್ತ್ ಸರ್ಟಿಫಿಕೇಟ್ ಎಲ್ಲಿದೆ ನೋಡಿ, ಬೇಗ." ಚಿಕ್ಕಪ್ಪನ ಪ್ರಯಾರಿಟಿ ಡೇಟ್ 2014ರದ್ದು. ಅಂದ್ರೆ ಗ್ರೀನ್ ಕಾರ್ಡ್ ಸಾಲಿನಲ್ಲಿ ಅವರು ಟೋಕನ್ ತಗೊಂಡಿದ್ದು ಆ ವರ್ಷ. ಅಮೆರಿಕ ವರ್ಷಕ್ಕೆ ಕೊಡೋ ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್ ಸುಮಾರು 1,40,000. ಅದರಲ್ಲಿ ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಶೇಕಡಾ 7ಕ್ಕಿಂತ ಹೆಚ್ಚಿಲ್ಲ. ಸಣ್ಣ ದೇಶಕ್ಕೂ ಅಷ್ಟೇ, ಭಾರತಕ್ಕೂ ಅಷ್ಟೇ. ಹಾಗಾಗಿ ನಮ್ಮವರ ಸಾಲು ಮಾತ್ರ ಮುಂದಕ್ಕೆ ಹೋಗೋದೇ ಇಲ್ಲ. ಯಾರ ಟೋಕನ್ ನಡೀತಿದೆ ಅಂತ ಪ್ರತಿ ತಿಂಗಳು ವೀಸಾ ಬುಲೆಟಿನ್ ಅನ್ನೋ ಒಂದು ಪಟ್ಟಿ ಬರುತ್ತೆ. 2022ರ ಬೇಸಿಗೆ ಹೊತ್ತಿಗೆ ಭಾರತದ ಇಬಿ-2 ಸಾಲು ಇದ್ದಕ್ಕಿದ್ದಂತೆ 2014ರ ಡಿಸೆಂಬರ್‌ವರೆಗೂ ಓಡಿತ್ತು. ಬಾಗಿಲು ತೆರೆದಿದೆ, ಯಾವಾಗ ಮುಚ್ಚುತ್ತೋ ಗೊತ್ತಿಲ್ಲ.

ಅಜ್ಜಿಯ ಟ್ರಂಕ್ ತೆಗೆದು ಸರ್ಟಿಫಿಕೇಟ್ ಹುಡುಕಿದ್ವಿ. ಸಿಕ್ತು. ಪೂರ್ತಿ ಕನ್ನಡದಲ್ಲಿತ್ತು, ಹೆಸರಿನ ಜಾಗ ಖಾಲಿ ಇತ್ತು. ಆ ಕಾಲದಲ್ಲಿ ಹುಟ್ಟಿದ ವಾರದಲ್ಲೇ ನೋಂದಣಿ ಮಾಡಿಸ್ತಿದ್ರು, ನಾಮಕರಣ ಆಮೇಲೆ. ಹೆಸರು ಸೇರಿಸೋಕೆ ಮತ್ತೆ ಯಾರೂ ಹೋಗಿರಲಿಲ್ಲ. ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಎರಡು ಇನಿಶಿಯಲ್, ಒಂದು ಊರಿಂದು, ಒಂದು ಅಪ್ಪಂದು. ಪಾಸ್‌ಪೋರ್ಟ್‌ನಲ್ಲಿ ಅದೇ ಇನಿಶಿಯಲ್ಲು ಹಿಗ್ಗಿ ಊರಿನ ಹೆಸರು ಸರ್‌ನೇಮ್ ಆಗಿತ್ತು. ಒಬ್ಬರೇ ಮನುಷ್ಯ, ಕಾಗದದ ಮೇಲೆ ಮೂರು ಜನ.

ಇದಕ್ಕೆ ದಾರಿ ಇದೆ. ಸರ್ಟಿಫಿಕೇಟ್ ಸಾಲದಿದ್ದರೆ ಶಾಲೆಯ ದಾಖಲೆ, ಜೊತೆಗೆ ಹುಟ್ಟಿದ್ದನ್ನು ಖುದ್ದಾಗಿ ಬಲ್ಲ ಹಿರಿಯರ ಅಫಿಡವಿಟ್ ಕೊಡಬಹುದು. ಅಜ್ಜಿಗೆ ಇಂಗ್ಲಿಷ್ ಅಫಿಡವಿಟ್ ಒಂದೊಂದೇ ಸಾಲು ಕನ್ನಡದಲ್ಲಿ ಓದಿ ಹೇಳಿದ್ವಿ. "ನನ್ನ ಮಗನ್ನ ನಾನೇ ಹೆತ್ತಿದ್ದು ಅಂತ ಬರೆದುಕೊಡಬೇಕಾ?" ಅಂತ ನಕ್ಕು, ಕನ್ನಡದಲ್ಲಿ ಸಹಿ ಹಾಕಿದ್ರು.

ಆಮೇಲೆ ಅನುವಾದ. ಕನ್ನಡ ದಾಖಲೆ ಕಳಿಸಬಹುದು, ಆದ್ರೆ ಜೊತೆಗೆ ಪೂರ್ತಿ ಇಂಗ್ಲಿಷ್ ಅನುವಾದ ಇರಬೇಕು. ಅನುವಾದ ಮಾಡಿದವರು "ಇದು ಪೂರ್ಣ ಮತ್ತು ಸರಿಯಾಗಿದೆ, ನನಗೆ ಎರಡೂ ಭಾಷೆ ಬರುತ್ತೆ" ಅಂತ ಬರೆದು ಸಹಿ ಹಾಕಬೇಕು. ಇಂಗ್ಲಿಷ್ ಮೀಡಿಯಂ ಹುಡುಗರು ತಾನೇ, ನಾವೇ ಮಾಡ್ತೀವಿ ಅಂತ ಕೂತ್ವಿ. "ಷರಾ" ಅನ್ನೋ ಪದದ ಹತ್ರ ನಿಂತ್ವಿ. ಅದು ರಿಮಾರ್ಕ್ಸ್ ಅಂತ ಅಜ್ಜಿ ಹೇಳಬೇಕಾಯ್ತು. ಎರಡೂ ಭಾಷೆ ಬರುತ್ತೆ ಅಂತ ಸಹಿ ಹಾಕೋ ಯೋಗ್ಯತೆ ನಮಗಿರಲಿಲ್ಲ. ಕೊನೆಗೆ ನಮ್ಮ ಕನ್ನಡ ಮೇಷ್ಟ್ರು ಮಾಡಿಕೊಟ್ರು.

ಇಷ್ಟೆಲ್ಲ ಆಗಿ ಆಗಸ್ಟ್‌ನಲ್ಲಿ ಲಕೋಟೆ ಹೋಯ್ತು. ಸೆಪ್ಟೆಂಬರ್ ಎರಡನೇ ವಾರ ಚಿಕ್ಕಮ್ಮನ ಅರ್ಜಿ ಮಾತ್ರ ವಾಪಸ್ ಬಂತು. ಕಾರಣ: ಸಹಿ ಇಲ್ಲ. ಅಷ್ಟು ಪುಟದಲ್ಲಿ ಒಂದು ಸಹಿ ಬಿಟ್ಟುಹೋಗಿತ್ತು. ತಪ್ಪು ನಮ್ಮವರದ್ದೇ. ಗಂಡ ಹೆಂಡತಿ ಇಬ್ಬರೂ ಮೂರು ಸಲ ನೋಡಿದ್ರು, ಮೂರು ಸಲವೂ ಕಾಣಿಸಿರಲಿಲ್ಲ.

ಇಲ್ಲಿ ಒಂದು ಮಾತು ಸರಿಯಾಗಿ ತಿಳ್ಕೊಳ್ಳಬೇಕು. ಸಹಿ ಇಲ್ಲದೆ ವಾಪಸ್ ಬಂದ ಅರ್ಜಿ "ಲೇಟ್ ಆಯ್ತು" ಅಂತ ಅಲ್ಲ, ಕೊಟ್ಟೇ ಇಲ್ಲ ಅಂತ ಲೆಕ್ಕ. ಮೊದಲು ತಲುಪಿದ ದಿನಾಂಕ ಉಳಿಯಲ್ಲ. ಚಿಕ್ಕಮ್ಮ ಅವತ್ತೇ ಸಹಿ ಹಾಕಿ ಮತ್ತೆ ಕಳಿಸಿದ್ರು. ಸೆಪ್ಟೆಂಬರ್ ಕೊನೇ ವಾರ ತಲುಪಿತು. ಅಕ್ಟೋಬರ್ 1ಕ್ಕೆ ಆ ಸಾಲು 2014ರಿಂದ ಹಿಂದಕ್ಕೆ ಜಾರಿ 2012ರ ಏಪ್ರಿಲ್‌ಗೆ ಬಂತು. 2025 ಮುಗಿಯೋವರೆಗೂ ಅದು ಮತ್ತೆ 2014ಕ್ಕೆ ಬಂದಿರಲಿಲ್ಲ. ಅಂದ್ರೆ ಆ ಲಕೋಟೆ ಒಂದು ವಾರ ತಡ ಆಗಿದ್ರೆ ಚಿಕ್ಕಮ್ಮ 2025 ಮುಗಿದ್ರೂ ಕಾಯ್ತಾ ಇರ್ತಿದ್ರು. ಒಂದು ಸಹಿಗೆ ಮೂರು ವರ್ಷಕ್ಕಿಂತ ಹೆಚ್ಚು.

ನಮ್ಮ ವಾದ ಇಷ್ಟೇ. ಕಾಗದದ ಕೆಲಸ ಅಂದ್ರೆ ಅಪ್ಪ ನೋಡ್ಕೊಳ್ತಾರೆ, ಸೈಬರ್ ಸೆಂಟರ್‌ನವನು ತುಂಬ್ತಾನೆ, ಅಲ್ಲಿ ಹೋದ ಮೇಲೆ ಕಂಪನಿ ವಕೀಲರು ಇರ್ತಾರೆ ಅನ್ನೋ ನಮ್ಮ ಅಭ್ಯಾಸ ಬಿಡಬೇಕು. ವಕೀಲರು ಇರ್ತಾರೆ ನಿಜ, ಇರಲೂ ಬೇಕು. ಆದ್ರೆ ಫಾರ್ಮ್ ಐ-485ರ ಕೊನೆಯಲ್ಲಿ "ಇದರಲ್ಲಿ ಇರೋದೆಲ್ಲ ನಿಜ" ಅಂತ ಪ್ರಮಾಣ ಮಾಡಿ ಸಹಿ ಹಾಕೋದು ನಾವು. ಓದದೆ ಸಹಿ ಹಾಕಿದ್ರೆ ಅದು ನಮ್ಮ ತಲೆ ಮೇಲೆ.

ಮತ್ತೆ ಇದು ಕಷ್ಟದ ಕೆಲಸವೂ ಅಲ್ಲ. ಇಂಜಿನಿಯರಿಂಗ್ ಓದೋರಿಗಂತೂ ಪರಿಚಿತ. ಲಕೋಟೆ ಮೊದಲು ಹೋಗೋದು ಲಾಕ್‌ಬಾಕ್ಸ್ ಅನ್ನೋ ಕೇಂದ್ರಕ್ಕೆ. ಅಲ್ಲಿ ನಮ್ಮ ಬದುಕಿನ ಕಥೆ ಯಾರೂ ಓದಲ್ಲ. ಇನ್‌ಪುಟ್ ಸರಿ ಇದೆಯಾ ಅಂತ ಮಾತ್ರ ನೋಡ್ತಾರೆ. ಸಹಿ ಇದೆಯಾ? ಟೈಪ್ ಮಾಡಿದ ಹೆಸರು ಸಹಿ ಅಲ್ಲ. ಫಾರ್ಮ್‌ನ ಕೆಳಗೆ ಎಡಿಷನ್ ದಿನಾಂಕ ಇರುತ್ತೆ, ಅದು ಈಗ ಚಾಲ್ತಿಯಲ್ಲಿರೋದಾ? ಎಲ್ಲಾ ಪುಟವೂ ಅದೇ ಎಡಿಷನ್ನಾ? ಶುಲ್ಕ ಪೈಸೆಗೆ ಪೈಸೆ ಸರಿಯಾ? ಒಂದೊಂದು ಫಾರ್ಮ್‌ಗೂ ಬೇರೆ ಬೇರೆ ಪಾವತಿಯಾ? ವಿಳಾಸ ಸರಿಯಾ? ವಿಳಾಸ ಒಂದೇ ಅಲ್ಲ. ಅರ್ಜಿಯ ವರ್ಗದ ಮೇಲೆ ಬದಲಾಗುತ್ತೆ, ಸರ್ಕಾರಿ ಅಂಚೆಗೆ ಒಂದು, ಖಾಸಗಿ ಕೊರಿಯರ್‌ಗೆ ಇನ್ನೊಂದು. ಸ್ಟೇಪ್ಲರ್ ಹೊಡೀಬೇಡಿ, ಸ್ಪೈರಲ್ ಬೈಂಡ್ ಮಾಡಿಸಬೇಡಿ. ಅವರು ಎಲ್ಲವನ್ನೂ ಸ್ಕ್ಯಾನ್ ಮಾಡ್ತಾರೆ. ಪ್ರಾಜೆಕ್ಟ್ ರಿಪೋರ್ಟ್ ಥರ ಚೆಂದ ಮಾಡೋಕೆ ಹೋದ್ರೆ ಅವರಿಗೆ ತೊಂದರೆ. ಮೇಲ್ಗಡೆ ಜಿ-1145 ಅನ್ನೋ ಒಂದು ಪುಟ ಇಟ್ರೆ, ಅರ್ಜಿ ಸ್ವೀಕಾರ ಆದ ತಕ್ಷಣ ಮೆಸೇಜ್ ಬರುತ್ತೆ. ಅದಕ್ಕೆ ದುಡ್ಡೂ ಇಲ್ಲ. ಕಳಿಸೋ ಮುಂಚೆ ಪ್ರತಿ ಪುಟದ ಕಾಪಿ ಇಟ್ಕೊಳ್ಳೋದು ನಮ್ಮ ಕಡೆಯ ಬ್ಯಾಕಪ್.

ಇನ್ನೊಂದು ಎಚ್ಚರಿಕೆ. "ನಮ್ಮಣ್ಣ ಹಿಂಗೇ ಕಳಿಸಿದ್ದ, ಆಯ್ತು" ಅನ್ನೋ ಮಾತು ನಂಬಬೇಡಿ. ಚಿಕ್ಕಪ್ಪ ಕಳಿಸಿದಾಗ ದೊಡ್ಡವರಿಗೆ ಶುಲ್ಕ, ಬೆರಳಚ್ಚಿನದ್ದೂ ಸೇರಿ, 1,225 ಡಾಲರ್. 2024ರ ಏಪ್ರಿಲ್ 1ರಿಂದ ಅದು 1,440. ಅವರು ಚೆಕ್ ಬರೆದಿದ್ರು. 2025ರ ಅಕ್ಟೋಬರ್ 28ರ ನಂತರ ಸಾಮಾನ್ಯವಾಗಿ ಕಾಗದದ ಚೆಕ್ ತಗೊಳ್ಳಲ್ಲ, ಕಾರ್ಡ್‌ಗೆ ಜಿ-1450, ಬ್ಯಾಂಕ್ ಖಾತೆಗೆ ಜಿ-1650 ಫಾರ್ಮ್ ಜೊತೆಗಿಡಬೇಕು. ಅವಾಗ ವೈದ್ಯಕೀಯ ವರದಿ ಆಮೇಲೆ ಕೊಡಬಹುದಿತ್ತು. 2024ರ ಡಿಸೆಂಬರ್ 2ರಿಂದ ಅದು ಬೇಕಾದವರು ಅರ್ಜಿ ಜೊತೆಗೇ ಇಡಬೇಕು. ಡಾಕ್ಟರ್ ಅದನ್ನ ಅಂಟಿಸಿ ಮುಚ್ಚಿದ ಕವರ್‌ನಲ್ಲಿ ಕೊಡ್ತಾರೆ, ಕುತೂಹಲಕ್ಕೂ ಒಡೆದು ನೋಡಬಾರದು. ಮೂರೇ ವರ್ಷದಲ್ಲಿ ಇಷ್ಟು ಬದಲಾಗಿದೆ. ಈ ಲೇಖನವೂ ನಾವು ಅರ್ಜಿ ಹಾಕೋ ಹೊತ್ತಿಗೆ ಹಳೇದಾಗಿರುತ್ತೆ. ಕಳಿಸೋ ದಿನ ಅವರ ಅಧಿಕೃತ ಸೂಚನೆ ಓದೋದೊಂದೇ ದಾರಿ.

"ಇಷ್ಟೊಂದು ಕಾಯಿಸಿ, ಒಂದು ಸಹಿಗೆ ವಾಪಸ್ ಕಳಿಸೋದು ನ್ಯಾಯನಾ?" ಅಂತ ರೂಮ್‌ಮೇಟ್ ಕೇಳಿದ. ನ್ಯಾಯ ಅಲ್ಲ ಅಂತಲೇ ನಮ್ಮ ಅಭಿಪ್ರಾಯ. ಹುಟ್ಟಿದ ದೇಶ ನೋಡಿ ಸಾಲು ಮಾಡೋದೂ ನ್ಯಾಯ ಅಲ್ಲ. 2007ರ ಜುಲೈನಲ್ಲಿ ಎಲ್ಲರೂ ಅರ್ಜಿ ಹಾಕಬಹುದು ಅಂತ ಹೇಳಿ, ಜುಲೈ 2ಕ್ಕೆ ಲಕೋಟೆಗಳು ತಲುಪೋ ಹೊತ್ತಿಗೆ ಇಲ್ಲ ಅಂದುಬಿಟ್ಟಿದ್ರು. ಆಗ ಭಾರತೀಯರು ಗಲಾಟೆ ಮಾಡಲಿಲ್ಲ. 'ಲಗೇ ರಹೋ ಮುನ್ನಾಭಾಯಿ' ನೋಡಿದ್ದ ನೆನಪಲ್ಲಿ ಆ ಇಲಾಖೆಯ ಮುಖ್ಯಸ್ಥರಿಗೆ ಹೂವು ಕಳಿಸಿದ್ರು. ಆ ಹೂವುಗಳನ್ನ ಗಾಯಗೊಂಡ ಸೈನಿಕರ ಆಸ್ಪತ್ರೆಗೆ ಕಳಿಸಿದ್ರಂತೆ. ಬೀದಿಯಲ್ಲಿ ಮೆರವಣಿಗೆ, ಕೋರ್ಟಿನಲ್ಲಿ ಕೇಸು ಎಲ್ಲ ಆಗಿ, ಜುಲೈ 17ಕ್ಕೆ ನಿರ್ಧಾರ ಬದಲಾಗಿ ಆಗಸ್ಟ್ 17ರವರೆಗೂ ಅರ್ಜಿ ತಗೊಂಡ್ರು. ಅನ್ಯಾಯದ ವಿರುದ್ಧ ಮಾತಾಡಬೇಕು. ಆದ್ರೆ ಬಾಗಿಲು ಮತ್ತೆ ತೆರೆದ ಆ ಒಂದು ತಿಂಗಳಲ್ಲಿ ಉಪಯೋಗ ಆಗಿದ್ದು ಕಾಗದ ರೆಡಿ ಇದ್ದವರಿಗೆ.

ನಮ್ಮಲ್ಲಿ ಎಲ್ಲರೂ ಅಮೆರಿಕಕ್ಕೆ ಹೋಗಲ್ಲ. ಹೋಗದಿದ್ರೂ ನಷ್ಟ ಏನಿಲ್ಲ. ಆದ್ರೆ ಹೆಸರು ಸರಿ ಇರೋದು ಎಲ್ಲಿದ್ರೂ ಬೇಕು. ಕನ್ನಡದವರಿಗೆ ಈ ತೊಂದರೆ ಸ್ವಲ್ಪ ಜಾಸ್ತಿನೇ. ನಮ್ಮಲ್ಲಿ ಸರ್‌ನೇಮ್ ಇಲ್ಲದವರು ಎಷ್ಟೋ ಜನ. ಪಾಸ್‌ಪೋರ್ಟ್‌ನಲ್ಲಿ ಗಿವನ್ ನೇಮ್ ಜಾಗ ಖಾಲಿ ಬಿಟ್ಟು ಹೆಸರನ್ನೆಲ್ಲ ಸರ್‌ನೇಮ್ ಜಾಗಕ್ಕೆ ಹಾಕಿದ್ರೆ, ಅಮೆರಿಕದ ವೀಸಾದಲ್ಲಿ ಎಫ್ಎನ್‌ಯು ಅಂತ ಬರುತ್ತೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅರ್ಥ. ಅಜ್ಜಿ ಪ್ರೀತಿಯಿಂದ ಇಟ್ಟ ಹೆಸರು ಇದ್ದೂ ಗೊತ್ತಿಲ್ಲ ಅಂತ!

ಅದಕ್ಕೆ ಈ ಸೆಮಿಸ್ಟರ್ ರಜೆಯಲ್ಲಿ ಊರಿಗೆ ಹೋದಾಗ ಅರ್ಧ ಗಂಟೆ ಕೂರೋಣ. ಜನನ ಪ್ರಮಾಣಪತ್ರ, ಎಸ್ಎಸ್ಎಲ್‌ಸಿ ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್ ಪಕ್ಕ ಪಕ್ಕ ಇಟ್ಟು ಹೆಸರು, ಅಪ್ಪ ಅಮ್ಮನ ಹೆಸರು, ಹುಟ್ಟಿದ ದಿನ, ಊರು ಹೋಲಿಸೋಣ. ಒಂದಕ್ಷರ ವ್ಯತ್ಯಾಸ ಇದ್ರೂ ಈಗಲೇ ತಿದ್ದಿಸೋಣ. ಹತ್ತೊಂಬತ್ತನೇ ವಯಸ್ಸಲ್ಲಿ ಇದು ಒಂದು ಬೆಳಗಿನ ಕೆಲಸ. ನಲವತ್ತರಲ್ಲಿ, ಸಮುದ್ರದ ಆಚೆಯಿಂದ, ಬಾಗಿಲು ಮುಚ್ಚೋ ಮುಂಚೆ ಅಂದ್ರೆ ಇಡೀ ಮನೆಯ ಕೆಲಸ.

ಮನೆಯಲ್ಲಿ ಸರ್ಟಿಫಿಕೇಟ್ ಕನ್ನಡದಲ್ಲಿದ್ರೆ ಪೂರ್ತಿ ಓದಿ. "ಷರಾ" ಅಂದ್ರೇನು ಅಂತ ಈಗ ನಿಮಗೆ ಗೊತ್ತಲ್ಲ.