ಬಾಣಂತಿ ನರ್ಸಿನ ಹಗಲುಪಾಳಿ ಭಿಕ್ಷೆಯೇ?

ನಮ್ಮೂರಿನ ಒಂದು ಖಾಸಗಿ ಆಸ್ಪತ್ರೆ. ಹೆಸರು ಬರೆಯುವುದಿಲ್ಲ, ಬರೆದರೆ ಅಲ್ಲಿ ಇನ್ನೂ ದುಡಿಯುತ್ತಿರುವ ಹೆಣ್ಣುಮಕ್ಕಳಿಗೇ ತೊಂದರೆ. ಪ್ರತಿ ವರ್ಷ ಆಗಸ್ಟ್ ಮೊದಲ ವಾರ ಅದರ ಬಾಗಿಲಿಗೆ ಸ್ತನ್ಯಪಾನ ಸಪ್ತಾಹದ ಬ್ಯಾನರು ಕಟ್ಟುತ್ತಾರೆ. ಆರು ತಿಂಗಳವರೆಗೆ ಮಗುವಿಗೆ ತಾಯಿಯ ಹಾಲಲ್ಲದೆ ಬೇರೇನೂ ಬೇಡವೆಂದು ಡಾಕ್ಟರು ಭಾಷಣ ಮಾಡುತ್ತಾರೆ. ಸರಿಯಾದ ಮಾತು. ಆದರೆ ಅದೇ ಬ್ಯಾನರಿನ ಕೆಳಗೆ ಹಾದು ಕೆಲಸಕ್ಕೆ ಹೋಗುವ ನರ್ಸಿನ ಐದು ತಿಂಗಳ ಕೂಸು ಮನೆಯಲ್ಲಿ ಅಜ್ಜಿಯ ತೊಡೆಯ ಮೇಲೆ ಬಾಟಲಿ ಹಾಲು ಕುಡಿಯುತ್ತಿರುತ್ತದೆ.

ಆಕೆ ಗಿರಣಿ ಕಾರ್ಮಿಕರೊಬ್ಬರ ಮಗಳು. ರಜೆ ಮುಗಿಸಿ ಬಂದಾಗ ಮೇಟ್ರನ್, “ಕೂಸಿಗೆ ವರ್ಷ ತುಂಬುವತನಕ ನಿನಗೆ ಬೆಳಗಿನ ಪಾಳಿಯೇ ಇರಲವ್ವಾ” ಎಂದರು. ಬರೀ ಬಾಯಿಮಾತು. ಮೂರು ತಿಂಗಳು ಹಾಗೇ ನಡೆಯಿತು. ಅಷ್ಟರಲ್ಲಿ ಹೊಸ ಆಡಳಿತಾಧಿಕಾರಿ ಬಂದ. ಒಂದು ಶನಿವಾರ ಗೋಡೆಗೆ ಅಂಟಿಸಿದ ಪಾಳಿಪಟ್ಟಿಯಲ್ಲಿ ಆಕೆಯ ಹೆಸರು ರಾತ್ರಿ 8ರಿಂದ ಬೆಳಗಿನ 8ರ ಸಾಲಿನಲ್ಲಿತ್ತು. ಕೇಳಲು ಹೋದರೆ ಬಂದ ಉತ್ತರ: “ಹಿಂದಿನವರು ದಯೆ ತೋರಿಸಿದ್ದರು. ಆಸ್ಪತ್ರೆ ದಯೆಯ ಮೇಲೆ ನಡೆಯುವುದಿಲ್ಲ.” ಹದಿನೈದು ರಾತ್ರಿ ದುಡಿದು, ಆಮೇಲೆ ರಾಜೀನಾಮೆ ಬರೆದುಕೊಟ್ಟಳು. ಅದರಲ್ಲಿ ‘ಸ್ವಂತ ಕಾರಣ’ ಎಂದು ಬರೆಸಿಕೊಂಡರು. ಸ್ವಂತ ಕಾರಣವಂತೆ!

ಹೆರಿಗೆಯ ಭತ್ಯ ಯಾವ ಮಾಲೀಕನ ಕರುಣೆಯಿಂದಲೂ ಬಂದದ್ದಲ್ಲ ಎಂಬುದು ಗಿರಣಿಯವರಿಗಾದರೂ ನೆನಪಿರಬೇಕು. 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಡಾ. ಅಂಬೇಡ್ಕರರು ಇದರ ಪರವಾಗಿ ವಾದಿಸಿದರು. 1929ರಲ್ಲಿ ಆ ಪ್ರಾಂತದ ಕಾರ್ಖಾನೆಗಳ ಹೆಂಗಸರಿಗೆ ಕಾಯಿದೆಯಾಯಿತು. ಇಡೀ ದೇಶಕ್ಕೆ ಬಂದದ್ದು 1961ರಲ್ಲಿ. 2017ರ ತಿದ್ದುಪಡಿ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿತು. ಈಗ ಅದೆಲ್ಲವೂ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಆ ಸಂಹಿತೆ 2025ರ ನವೆಂಬರಿನಲ್ಲಿ ಜಾರಿಗೆ ಬಂತು.

ಕಾಯಿದೆ ಏನನ್ನುತ್ತದೆ? ರಜೆಯಲ್ಲಿರುವವಳನ್ನು ಕೆಲಸದಿಂದ ತೆಗೆಯಬಾರದು. ಆ ಅವಧಿಯಲ್ಲಿ ಅವಳಿಗೆ ನಷ್ಟವಾಗುವಂತೆ ಸೇವಾ ಷರತ್ತು ಬದಲಿಸಬಾರದು. ಒಳ್ಳೆಯದು. ಆದರೆ ಅವಳು ಮರಳಿ ಬಂದ ಮೇಲೆ? ಅಲ್ಲಿಗೆ ಕಾಯಿದೆಯ ಕೈ ಸಡಿಲವಾಗುತ್ತದೆ. ಕೂಸಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲುಣಿಸಲು ಬಿಡುವು ಕೊಡಬೇಕೆನ್ನುತ್ತದೆ. 50 ಜನ ದುಡಿಯುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು ಎನ್ನುತ್ತದೆ. ರಾತ್ರಿ ಎರಡು ಗಂಟೆಗೆ ವಾರ್ಡಿನಲ್ಲಿ ಒಬ್ಬಳೇ ನಿಂತ ನರ್ಸು ಯಾವ ಬಿಡುವು ತೆಗೆದುಕೊಳ್ಳಬೇಕು? ಕೂಸು ಇರುವುದು ಎಷ್ಟೋ ಮೈಲಿ ದೂರದ ಮನೆಯಲ್ಲಿ! ಇನ್ನೊಂದು ಔದಾರ್ಯವೂ ಉಂಟು: ಕೆಲಸದ ಸ್ವರೂಪ ಒಗ್ಗಿದರೆ, ಮಾಲೀಕನೂ ಒಪ್ಪಿದರೆ, ರಜೆಯ ನಂತರ ಮನೆಯಿಂದಲೇ ಕೆಲಸ ಮಾಡಬಹುದಂತೆ. ಕಂಪ್ಯೂಟರಿನ ಮುಂದೆ ಕೂತವರಿಗೆ ಇದು ಆದೀತು. ನರ್ಸು ಮನೆಯಲ್ಲಿ ಕೂತು ಯಾರಿಗೆ ಸೂಜಿ ಚುಚ್ಚಬೇಕು? ಅವಳಿಗೆ ಬೇಕಾದದ್ದು ಒಂದೇ, ಗೊತ್ತಾದ ಪಾಳಿ. ಅದರ ಬಗ್ಗೆ ಈ ಪ್ರಕರಣದಲ್ಲಿ ಚಕಾರವಿಲ್ಲ.

ಗಿರಣಿಯ ಗೆಳೆಯರೇ, ನಿಮ್ಮ ದುಡಿಮೆಯ ವೇಳೆ, ಬಿಡುವಿನ ವೇಳೆ ಬದಲಿಸಬೇಕಾದರೆ ಮಾಲೀಕ 21 ದಿನ ಮುಂಚೆ ನೋಟೀಸು ಕೊಡಬೇಕೆಂಬುದು 1947ರ ಕೈಗಾರಿಕಾ ವಿವಾದ ಕಾಯಿದೆಯಿಂದ ಬಂದ ನಿಯಮ. ಇಂದಿನ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ಅದು ಉಳಿದಿದೆ. ಆಸ್ಪತ್ರೆಯೂ ಕೈಗಾರಿಕೆಯೇ ಎಂದು 1978ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತದ್ದು ನಮ್ಮ ಬೆಂಗಳೂರು ನೀರು ಸರಬರಾಜು ಮಂಡಳಿಯ ಮೊಕದ್ದಮೆಯಲ್ಲಿ. ಹಾಗಿರುವಾಗ ಶನಿವಾರ ಚೀಟಿ ಅಂಟಿಸಿ ಸೋಮವಾರದಿಂದ ರಾತ್ರಿಗೆ ಬಾ ಎನ್ನುವುದು ಯಾವ ನ್ಯಾಯ? ಮಾಲೀಕರ ವಕೀಲರು ಏನನ್ನುತ್ತಾರೆಂದು ನಮಗೆ ಗೊತ್ತು: ಬಾಯಿಮಾತಿನ ಉಪಕಾರ ಸೇವಾ ಷರತ್ತಾಗುವುದಿಲ್ಲ. ಅದಕ್ಕೇ ನಾವು ಹೇಳುವುದು, ಬಾಯಿಮಾತು ಬೇಡ, ಬರಹ ಬೇಕು. ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಖಾತೆಪುಸ್ತಕದಲ್ಲಿ ಏರದ ಸಾಲ ವಸೂಲಾದದ್ದುಂಟೇ?

“ಎಲ್ಲರೂ ಹಗಲುಪಾಳಿ ಕೇಳಿದರೆ ರಾತ್ರಿ ರೋಗಿಗಳ ಗತಿ ಏನು?” ಎಂಬುದು ಅವರ ದೊಡ್ಡ ಬಾಣ. ಎಲ್ಲರೂ ಕೇಳುತ್ತಿಲ್ಲ. ಒಂದು ವಾರ್ಡಿನಲ್ಲಿ ಒಂದು ಕಾಲಕ್ಕೆ ಬಾಣಂತಿಯರು ಎಷ್ಟು ಮಂದಿ? ಇಬ್ಬರ ಕೆಲಸವನ್ನು ಒಬ್ಬಳಿಂದ ಮಾಡಿಸಿ ಉಳಿಸಿದ ಸಂಬಳವನ್ನು ಲಾಭದ ಲೆಕ್ಕಕ್ಕೆ ಬರೆದುಕೊಂಡವರು ಈಗ ರೋಗಿಯ ಹೆಸರಿನಲ್ಲಿ ಕಣ್ಣೀರಿಡುತ್ತಾರೆ. ಇನ್ನೂ ನೀಚವಾದದ್ದು ಮದುವೆಯಾಗದ ಹುಡುಗಿಯರ ಕಿವಿಯಲ್ಲಿ, “ಅವಳ ರಾತ್ರಿ ನಿನ್ನ ತಲೆಗೆ ಬಂತು ನೋಡು” ಎಂದು ಊದುವುದು. ಅವಳ ರಾತ್ರಿ ಈ ಹುಡುಗಿಯ ತಲೆಗೆ ಬಂದದ್ದು ಬಾಣಂತಿಯಿಂದಲ್ಲ, ಇನ್ನೊಬ್ಬಳನ್ನು ನೇಮಿಸದ ಮಾಲೀಕನಿಂದ. ಇನ್ನು ಖರ್ಚಿನ ಮಾತು. ಇ.ಎಸ್.ಐ.ಗೆ ಸೇರಿದ ನರ್ಸಿನ ಹೆರಿಗೆ ಭತ್ಯ ಆ ನಿಧಿಯಿಂದ ಬರುತ್ತದೆ. ತಿಂಗಳ ವಂತಿಗೆ ಬಿಟ್ಟರೆ ಅದಕ್ಕಾಗಿ ಮಾಲೀಕನ ಗಲ್ಲಾದಿಂದ ಏನೂ ಹೋಗುವುದಿಲ್ಲ.

ನಾವು ಮೇಷ್ಟರಾಗಿದ್ದಾಗ ಜೊತೆಯ ಉಪಾಧ್ಯಾಯಿನಿಯೊಬ್ಬರು ಹನ್ನೊಂದರ ಗಂಟೆ ಬಾರಿಸುತ್ತಲೇ ಪಕ್ಕದ ಓಣಿಗೆ ಓಡಿ, ಕೂಸಿಗೆ ಹಾಲುಣಿಸಿ ಬರುತ್ತಿದ್ದರು. ಆ ಹೊತ್ತು ಅವರ ತರಗತಿಯನ್ನು ನಾವು ನೋಡಿಕೊಳ್ಳುತ್ತಿದ್ದೆವು. ಶಾಲೆಯೇನೂ ಮುಳುಗಲಿಲ್ಲ.

ಬ್ರಿಟನ್ನಿನಲ್ಲಿ 2024ರ ಏಪ್ರಿಲಿನಿಂದ ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ವೇಳೆ ಬದಲಿಸಿಕೊಡಿ ಎಂದು ಕೇಳುವ ಹಕ್ಕಿದೆ; ಮಾಲೀಕ 2 ತಿಂಗಳೊಳಗೆ ಉತ್ತರಿಸಬೇಕು. ಅದು ಕೇಳುವ ಹಕ್ಕು ಮಾತ್ರ, ಪಡೆಯುವ ಹಕ್ಕಲ್ಲ. ನಮ್ಮಲ್ಲಿ ಅಷ್ಟೂ ಇಲ್ಲ. ಇಲ್ಲಿ ಕೋರ್ಟಿನ ಮೆಟ್ಟಿಲು ಹತ್ತಬೇಕು. ಚಂಡೀಗಢದ ಸರ್ಕಾರಿ ವೈದ್ಯಕೀಯ ಸಂಸ್ಥೆಯೊಂದರ ನರ್ಸಿಗೆ, ಗಂಡನ ಮೊದಲ ಮದುವೆಯ ಮಕ್ಕಳಿಗಾಗಿ ಹಿಂದೆ ರಜೆ ಪಡೆದಿದ್ದಾಳೆಂಬ ನೆಪದಲ್ಲಿ ಹೆರಿಗೆ ರಜೆ ನಿರಾಕರಿಸಿದರು. ಮಗು ಹುಟ್ಟಿದ್ದು 2019ರಲ್ಲಿ; ಸುಪ್ರೀಂ ಕೋರ್ಟು ಆಕೆಯ ಪರ ತೀರ್ಪು ಕೊಟ್ಟದ್ದು 2022ರ ಆಗಸ್ಟಿನಲ್ಲಿ. ನ್ಯಾಯ ಮನೆ ತಲುಪುವಾಗ ಮಗು ಓಡಾಡುತ್ತಿತ್ತು.

ಆದ್ದರಿಂದ ಈ ಊರಿನ ಆಸ್ಪತ್ರೆಗಳ ಮುಂದೆ ನಮ್ಮ ಬೇಡಿಕೆ ಇಷ್ಟು. ಹೆರಿಗೆ ರಜೆ ಮುಗಿಸಿ ಬಂದವಳಿಗೆ ಒಪ್ಪಿದ ಪಾಳಿಯನ್ನು ಸಹಿ ಹಾಕಿ, ಯಾವ ತಾರೀಖಿನವರೆಗೆಂದು ಬರೆದು ಕೊಡಿ. ಆ ತಾರೀಖು ಕೂಸಿನ 15 ತಿಂಗಳಿಗಿಂತ ಮುಂಚಿನದಾಗಬಾರದು. ಅಧಿಕಾರಿ ಬದಲಾದರೂ ಕಾಗದ ಬದಲಾಗಬಾರದು. ಬದಲಿಸಲೇಬೇಕಾದರೆ 21 ದಿನದ ನೋಟೀಸು ಕೊಡಿ. ಗುತ್ತಿಗೆಯ ನರ್ಸು, ಆಯಾ, ಲ್ಯಾಬಿನ ಹುಡುಗಿಗೂ ಇದೇ ನಿಯಮ. ಎರಡಾಳಿನ ಅಂಗಡಿಯಿಟ್ಟವರು ಗಾಬರಿಯಾಗಬೇಡಿ, ನಾವು ನಿಮ್ಮ ಬಾಗಿಲಿಗೆ ಬಂದಿಲ್ಲ; ನಿಮ್ಮ ಸೊಸೆ, ಮಗಳ ಪರವಾಗಿ ಆಸ್ಪತ್ರೆಯ ಬಾಗಿಲಿಗೆ ಹೋಗುತ್ತಿದ್ದೇವೆ.

ನಿಮ್ಮ ಮನೆಯಲ್ಲಿ ಹೀಗೆ ಪಾಳಿ ಬದಲಾದವರು, ಬಿಟ್ಟುಬಂದವರು ಇದ್ದರೆ ಪಾಳಿಪಟ್ಟಿಯ ನಕಲು, ರಾಜೀನಾಮೆಯ ಪ್ರತಿ ಹಿಡಿದು ಸಂಜೆ ಪಾಳಿ ಬಿಟ್ಟ ಮೇಲೆ ನಮ್ಮ ಕಚೇರಿಗೆ ಬನ್ನಿ. ಹೆಸರು ಗುಟ್ಟಾಗಿರುತ್ತದೆ. ಕಾಗದಗಳು ಸೇರಿದ ಮೇಲೆ ಕಾರ್ಮಿಕ ಅಧಿಕಾರಿಯ ಮೇಜಿನ ಮೇಲೆ ಒಟ್ಟಿಗೇ ಇಡುತ್ತೇವೆ.